ನಾನು ಅಳಿಸಿದ ಒಂದು ಸಾಲು

ಅಕ್ಕಾ,

ನಾನು, ಮಂಜಿ. ನನಗೆ ಹೆದರಿಕೆಯಾಗಿದೆ. ನೀನಿದ್ದಿದ್ದರೆ ಇಷ್ಟು ಹೇಳಿದ್ದೇ ಸಾಕಾಗುತ್ತಿತ್ತು. "ಏನಾತೇ, ಮೊದ್ಲು ನೀರು ಕುಡಿ" ಅನ್ನುತ್ತಿದ್ದೆ. ನೀರು ಕುಡಿದಿದ್ದೇನೆ. ಹೆದರಿಕೆ ಮಾತ್ರ ಹೋಗಿಲ್ಲ.

ಶಿಕಾರಿಪುರದ ಡಾಕ್ಟರಮ್ಮನ ನರ್ಸಿಂಗ್ ಹೋಮಿನಲ್ಲಿ, ಅವರ ಕೋಣೆಯ ಕಂಪ್ಯೂಟರಿನ ಮುಂದೆ ಕೂತು ಬರೆಯುತ್ತಿದ್ದೇನೆ. ಅವರು ಊಟಕ್ಕೆ ಮನೆಗೆ ಹೋಗಿದ್ದಾರೆ, ನಾಲ್ಕು ಗಂಟೆಯವರೆಗೆ ಬರುವುದಿಲ್ಲ. ಕಾಗದ ಸಿಗದೆ ಪ್ರಿಂಟರಿನ ತೂತು ಅಂಚಿನ ಕಾಗದವನ್ನೇ ಹರಿದುಕೊಂಡಿದ್ದೇನೆ. ಎದುರಿನ ಪರದೆಯಲ್ಲಿ ಒಂದು ಸಣ್ಣ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತಿದರೆ ಒಂದು ತಾರೀಕು ಕಾಣುತ್ತದೆ. ಒಂದು ತಿಂಗಳಿಂದ ನಾನು ಅದನ್ನು ಒತ್ತಿಲ್ಲ. ಆ ತಾರೀಕು, ನೀನು ಜ್ವರ ಅಂತ ಇಲ್ಲಿಗೆ ಬಂದ ದಿನಕ್ಕಿಂತ ಹಿಂದಿನದಾಗಿದ್ದರೆ ನಿನ್ನನ್ನು ಕೊಂದವಳು ನಾನೇ. ಅಕ್ಷರ ಕೋಳಿಕಾಲಿನ ಹಾಗಿದ್ದರೆ ಬೈಯಬೇಡ.

ನೀನು ಶಿವಮೊಗ್ಗದಿಂದ ಯಾವುದೋ ಪತ್ರಿಕೆಯ ಜೊತೆ ಬಂದ ಸಿಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದ ದಿನ ನೆನಪಿದೆಯಾ? ಅಪ್ಪಾಜಿ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದಿನಿಂದಲೇ ಕೇಳಿದ್ದರು, "ಅದೇನವ್ವಾ, ಹಾಡಿನ ತಟ್ಟೇನಾ?" ನೀನು ನಕ್ಕು ಅಂಗಡಿ ಮೇಲಿನ ಮಾಳಿಗೆಗೆ, ನಮ್ಮ ಕಂಪ್ಯೂಟರ್ ಕ್ಲಾಸಿಗೆ ಓಡಿದ್ದೆ. ಆ ಸಿಡಿಯಲ್ಲಿದ್ದ ಲಿನಕ್ಸನ್ನು ಕಂಪ್ಯೂಟರಿಗೆ ಹಾಕಲು ನಿನಗೆ ನಾಲ್ಕು ದಿನ ಹಿಡಿಯಿತು. ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಕರ್ನಲ್ಲಿನ ಸಾಲುಗಳನ್ನು ಪರದೆ ಮೇಲೆ ತೋರಿಸಿ, "ಇದನ್ನ ಬರೆದೋರು ಏನೂ ಮುಚ್ಚಿಟ್ಟಿಲ್ಲ ನೋಡೇ. ಓದಬೋದು, ತಿದ್ದಬೋದು" ಅಂದೆ. ತಿದ್ದಬಹುದು ಅನ್ನುವ ಮಾತನ್ನು ನಾನು ಚೆನ್ನಾಗಿಯೇ ನೆನಪಿಟ್ಟುಕೊಂಡೆ, ನೋಡು.

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ನೀನು ಇಂಟರಪ್ಟ್ ಅಂದರೇನು ಅಂತ ಹೇಳಿಕೊಟ್ಟ ಬೆಳಗ್ಗೆ ನನಗೆ ಬಾಯಿಪಾಠವಾಗಿದೆ. ತಂತಿಯಲ್ಲಿ ಮಾಹಿತಿಯ ಒಂದು ತುಣುಕು ಬಂದ ಕೂಡಲೇ ನೆಟ್‌ವರ್ಕ್ ಕಾರ್ಡು ಕರ್ನಲ್ಲನ್ನು ಕೂಗುತ್ತದೆ, ಆ ಕೂಗೇ ಇಂಟರಪ್ಟ್ ಅಂದೆ. "ಹಂಚಿನ ಮೇಲೆ ರೊಟ್ಟಿ ಐತೆ. ಬಾಗಿಲಲ್ಲಿ ಯಾರೋ ಕೂಗಿದ್ರು. ನೀ ಏನ್ ಮಾಡ್ತೀ? ಓಡಿಹೋಗಿ ಅವರು ತಂದದ್ದನ್ನ ಇಸ್ಕೊಂಡು, ಕಟ್ಟೆ ಮೇಲಿಟ್ಟು, ವಾಪಸ್ ಬರ್ತೀ. ಬಿಚ್ಚಿ ನೋಡೋದು ಆಮೇಲೆ. ಅಲ್ಲೇ ನಿಂತು ಹರಟೆ ಹೊಡೆದ್ರೆ ರೊಟ್ಟಿ ಸೀಯುತ್ತೆ." ನಾನು ಕೇಳಿದೆ, "ಒಲೆ ಮುಂದೆ ಕೈಬಿಡುವಿಲ್ಲದಾಗ ಕೂಗಿದ್ರೆ?" ನೀನು ಸೌಟಿನಿಂದ ನನ್ನ ತಲೆಗೆ ಮೊಟಕಿ, "ಕೂಗಿ ಕೂಗಿ ಹೋಗ್ತಾರೆ. ಹೋದ್ರು ಅಂತ ಒಂದು ಗೆರೆನಾದ್ರೂ ಹಾಕ್ಕೋ" ಅಂದೆ. ಅಷ್ಟರಲ್ಲಿ ನಿಜವಾಗಿಯೂ ಒಂದು ರೊಟ್ಟಿ ಸೀದಿತ್ತು. ಅಮ್ಮ ಇಬ್ಬರಿಗೂ ಬೈದಳು.

ಡಾಕ್ಟರಮ್ಮನ ಕೋಣೆಗೂ ರಸ್ತೆಯಾಚೆಗಿನ ಲ್ಯಾಬಿಗೂ ತಂತಿ ಎಳೆದ ದಿನ ನೀನು ಏಣಿಯ ಮೇಲೆ, ನಾನು ಕೆಳಗೆ. ಎರಡು ಹಳೆಯ ಕಂಪ್ಯೂಟರು, ಎರಡು ಹಳೆಯ ಕಾರ್ಡು. ಲ್ಯಾಬಿನ ಸರೋಜಮ್ಮ ರಕ್ತ ನೋಡಿ ಅಲ್ಲಿ ಟೈಪ್ ಮಾಡಿದರೆ ಇಲ್ಲಿ ಡಾಕ್ಟರಮ್ಮನ ಮುಂದೆ ವರದಿ ಅಚ್ಚಾಗುತ್ತಿತ್ತು. ಕಳಿಸುವ ಪ್ರೋಗ್ರಾಮನ್ನು ನೀನೇ ಬರೆದಿದ್ದೆ. ಪರದೆಯ ಅಡಿಯಲ್ಲಿ ಎರಡು ಸಂಖ್ಯೆ ಕಾಣುವ ಹಾಗೆ ಮಾಡಿದ್ದೆ: ಬಂದದ್ದು ಇಷ್ಟು, ತಪ್ಪಿದ್ದು ಇಷ್ಟು. ಡಿಸ್ಕು ಏನನ್ನೋ ಬರೆಯುತ್ತಿರುವಾಗ ಇಂಟರಪ್ಟಿಗೆ ಓಗೊಡುವುದು ತಡವಾದರೆ ಕಾರ್ಡಿನ ಪುಟ್ಟ ಜಾಗ ತುಂಬಿ ಒಂದೆರಡು ತುಣುಕು ಬಿದ್ದುಹೋಗುತ್ತವೆ. ಆಗ ಕರ್ನಲ್ಲಿನೊಳಗೆ ಒಂದು ಸಾಲು 'ತಪ್ಪಿದ್ದು' ಎಂಬ ಎಣಿಕೆಗೆ ಒಂದನ್ನು ಸೇರಿಸುತ್ತದೆ. ಒಂದೇ ಒಂದು ಸಾಲು. ನಾನು ಹೇಳಬೇಕಾದದ್ದು ಆ ಸಾಲಿನ ವಿಷಯವೇ.

ನೀನು ಮದುವೆಯಾಗಿ ಸೊರಬಕ್ಕೆ ಹೋದ ಮೇಲೆ ನಾವಿಬ್ಬರೂ ಗುಡವಿಗೆ ಹೋಗಿದ್ದೆವಲ್ಲ, ಕೆರೆಯ ಮರಗಳ ತುಂಬ ಬೆಳ್ಳಗೆ ಹಕ್ಕಿ ಕೂತಿದ್ದವು. ಅಷ್ಟರಲ್ಲಾಗಲೇ ನಿನ್ನ ಬಾಯಿಗೆ "ಎಂತ", "ಮಾರಾಯ್ತಿ" ಎಲ್ಲ ಹತ್ತಿಕೊಂಡಿತ್ತು, ನಾನು ಅಣಕಿಸುತ್ತಿದ್ದೆ. ನೀನು ಪುಸ್ತಕದಲ್ಲಿ ಎರಡು ಸಾಲು ಮಾಡಿ ಹಕ್ಕಿ ಎಣಿಸುತ್ತಿದ್ದೆ, ಎಣಿಸಿದ್ದು ಒಂದು ಕಡೆ, ಕೈತಪ್ಪಿದ್ದು ಇನ್ನೊಂದು ಕಡೆ. ಒಂದು ಹಿಂಡು ಒಟ್ಟಿಗೆ ಎದ್ದರೆ ಎರಡನೆಯದರಲ್ಲಿ ಗೆರೆ ಎಳೆಯುತ್ತಿದ್ದೆ. "ಎಣಿಸಕ್ಕಾಗದೇ ಇದ್ದದ್ದನ್ನ ಎಂತಕ್ಕೆ ಬರೆಯೋದು ಮಾರಾಯ್ತಿ?" ಅಂತ ನಿನ್ನ ಧಾಟಿಯಲ್ಲೇ ಕೇಳಿದೆ. "ಮತ್ತೆ ನೋಡ್ಬೇಕು ಅಂತ ಗೊತ್ತಾಗೋದು ಅದರಿಂದಲೇ ಕಣೇ. ನನ್ನ ಪ್ರೋಗ್ರಾಮೂ ಹಂಗೇ. ತಪ್ಪಿದ್ದು ಒಂದು ಜಾಸ್ತಿ ಆದ್ರೆ..." ಆಮೇಲೆ ಏನು ಹೇಳಿದೆ? ನಾನು ಹ್ಞೂಂ ಅಂದೆ. ಚುರುಮುರಿ ಮಾರುವವನು ಬಂದಿದ್ದ, ನನ್ನ ಕಣ್ಣೆಲ್ಲ ಅವನ ಬುಟ್ಟಿಯ ಮೇಲಿತ್ತು. ಅಕ್ಕಾ, ಆ ಒಂದು ಮಾತನ್ನು ಕಿವಿಗೊಟ್ಟು ಕೇಳಿದ್ದಿದ್ದರೆ...

ನರ್ಸಿಂಗ್ ಹೋಮಿನ ಆಡಳಿತ ನೋಡಿಕೊಳ್ಳಲು ಡಾಕ್ಟರಮ್ಮನ ಮೈದುನ ವೀರೇಶಪ್ಪ ಬಂದು ಕೂತಾಗಿನಿಂದ ನನ್ನ ಕಷ್ಟ ಶುರುವಾಯಿತು. ನೀನು ವಾರಕ್ಕೆರಡು ದಿನ ಸೊರಬದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ, ಉಳಿದ ದಿನವೆಲ್ಲ ಇಲ್ಲಿನ ಕಂಪ್ಯೂಟರು ನೋಡಿಕೊಳ್ಳುವವಳು ನಾನೇ. ಅವರು ದಿನಾ ಬಂದು ಪರದೆಯ ಕೆಳಗೆ ಬೆರಳಿಟ್ಟು, "ಏನ್ರೀ ಇದು, ತಪ್ಪಿದ್ದು ಹದಿನಾರು? ನಿನ್ನೆ ಒಂಬತ್ತಿತ್ತು. ಹಿಂಗಾದ್ರ ಈ ತಂತಿ ಗಿಂತಿ ಎಲ್ಲಾ ಕಿತ್ತು ಹಾಕಸ್ತೀನಿ" ಅನ್ನುತ್ತಿದ್ದರು. ಅದು ದೋಷವಲ್ಲ, ಎಣಿಕೆ ಅಷ್ಟೇ ಅಂತ ಹೇಳಿ ಹೇಳಿ ಬಾಯಿ ನೋಯಿತು. ನೀನು ಏಣಿ ಹತ್ತಿ ಎಳೆದ ತಂತಿಯನ್ನು ಅವರು ಕೀಳಿಸುವುದೇ? ಆ ಸಂಖ್ಯೆ ತೋರಿಸದ ಹಾಗೆ ನಿನ್ನ ಪ್ರೋಗ್ರಾಮನ್ನು ತಿದ್ದೋಣ ಅಂದರೆ ಅದರ ಮೂಲ ಇದ್ದ ಫ್ಲಾಪಿಗೆ ಬೂಸ್ಟು ಹಿಡಿದಿತ್ತು. ಕರ್ನಲ್ಲಿನ ಸಾಲುಗಳಾದರೋ ಕಣ್ಣೆದುರೇ ಇದ್ದವು. ಕಾರ್ಡಿನ ಇಂಟರಪ್ಟಿಗೆ ಓಗೊಡುವ ಭಾಗದಲ್ಲಿ ಎಣಿಕೆ ಹೆಚ್ಚಿಸುವ ಆ ಸಾಲನ್ನು ಅಳಿಸಿದೆ, ಕರ್ನಲ್ಲನ್ನು ಹೊಸದಾಗಿ ಕಟ್ಟಿದೆ. ತಪ್ಪಿದ್ದು ಸೊನ್ನೆಯಾಯಿತು. ವೀರೇಶಪ್ಪ "ಭೇಷ್" ಅಂದರು, ನಾನು ಬೀಗಿದೆ. ನಿನಗೆ ಹೇಳಲಿಲ್ಲ.

ಉಗಾದಿಗೆ ಇನ್ನು ಐದು ದಿನ ಇರುವಾಗ ನೀನು ಕೆಂಡದಂಥ ಮೈ ಹೊತ್ತು ಬಂದೆ. ಸರೋಜಮ್ಮ ರಕ್ತ ತೆಗೆದುಕೊಂಡರು, ವರದಿ ಇಲ್ಲಿ ಅಚ್ಚಾಯಿತು. ಡಾಕ್ಟರಮ್ಮ ನೋಡಿ, "ಎಲ್ಲಾ ಸರಿ ಐತಮ್ಮ, ಪ್ಲೇಟ್ಲೆಟ್ಟೂ ಸಾಕಷ್ಟೈತಿ. ಮಾತ್ರೆ ನುಂಗಿ ಮಲಕ್ಕೋ" ಅಂದರು. ನಾನು ನಿನ್ನನ್ನು ಎರಡು ಗಂಟೆಯ ಸೊರಬದ ಬಸ್ಸು ಹತ್ತಿಸಿದೆ. "ಹಬ್ಬಕ್ಕೆ ಬರ್ತೀನಿ, ಹೋಳಿಗೆ ಎಲ್ಲಾ ನೀನೇ ಬಳೀಬೇಡ" ಅಂದೆ ನೀನು ಕಿಟಕಿಯಿಂದ. ಹಬ್ಬದ ದಿನ ಬಾವನ ಫೋನು ಬಂತು, ಮೂಗಿನಲ್ಲಿ ರಕ್ತ, ಶಿವಮೊಗ್ಗಕ್ಕೆ ಕರೆದೊಯ್ಯುತ್ತಿದ್ದೇವೆ ಅಂತ. ನಾವು ತಲುಪುವಷ್ಟರಲ್ಲಿ ಮುಗಿದಿತ್ತು. ಕಾಡಿನ ಕಡೆಯ ಮಂಗನ ಕಾಯಿಲೆ ಇರಬೇಕು ಅಂತ ಜನ ಪಿಸುಗುಟ್ಟಿದರು. ಯಾವ ಡಾಕ್ಟರೂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹೋಳಿಗೆ ಡಬ್ಬಿಯಲ್ಲೇ ಕೆಟ್ಟುಹೋಯಿತು.

ನೀನು ಹೋಗಿ ಒಂದು ತಿಂಗಳಾದ ಮೇಲೆ, ಸರೋಜಮ್ಮನ ಕೀಲಿಮಣೆ ರಿಪೇರಿ ಮಾಡುತ್ತಾ ಲ್ಯಾಬಿನಲ್ಲಿ ಕೂತಿದ್ದೆ. ಅವರು ಕೈಯಲ್ಲಿ ಬರೆದಿಡುವ ಪುಸ್ತಕ ತಿರುವುತ್ತಾ, "ಬೆಳಗ್ಗೆ ಬಂದಿದ್ದ ಆನವಟ್ಟಿ ರತ್ನವ್ವನ್ನ ಯಾಕೇ ಮನೆಗೆ ಕಳಿಸಿದ್ರು? ಪ್ಲೇಟ್ಲೆಟ್ ಮೂವತ್ತು ಸಾವಿರಕ್ಕಿಳಿದೈತಲ್ಲ" ಅಂದರು. ನಾನು ರಸ್ತೆ ದಾಟಿ ಓಡಿಬಂದು ನೋಡಿದೆ. ಡಾಕ್ಟರಮ್ಮನ ಮುಂದಿದ್ದ ಅಚ್ಚಿನಲ್ಲಿ ಎರಡು ಲಕ್ಷ ಇತ್ತು. ಅದು ರತ್ನವ್ವನಿಗಿಂತ ಮುಂಚೆ ಬಂದವರ ಸಂಖ್ಯೆ. ಆಗ, ಗುಡವಿಯಲ್ಲಿ ನಾನು ಕೇಳಿಸಿಕೊಳ್ಳದ ಮಾತು ಏನಿತ್ತು ಅಂತ ತಿಳಿಯಿತು. ತಪ್ಪಿದ್ದು ಒಂದು ಹೆಚ್ಚಾದ ಕೂಡಲೇ ನಿನ್ನ ಪ್ರೋಗ್ರಾಮು ಲ್ಯಾಬಿಗೆ "ಮತ್ತೆ ಕಳಿಸು" ಅನ್ನುತ್ತಿತ್ತು. ಎಣಿಕೆಯನ್ನು ನಾನು ಕೊಂದಿದ್ದೆ. ಹಾಗಾಗಿ ಅದು ಕೇಳಲೇ ಇಲ್ಲ, ಬಾರದ ತುಣುಕಿನ ಜಾಗದಲ್ಲಿ ಹಿಂದಿನವರ ಸಾಲು ಹಾಗೇ ಕೂತಿತ್ತು.

ಕೂಡಲೇ ರತ್ನವ್ವನನ್ನು ಹುಡುಕಿಕೊಂಡು ಆನವಟ್ಟಿ ಬಸ್ಸು ಹತ್ತಿದೆ. ಶಿರಾಳಕೊಪ್ಪದಲ್ಲಿ ಕಂಡಕ್ಟರು ಚಾ ಕುಡಿಯಲು ಇಳಿದಾಗ ನಾನು ಅತ್ತೇಬಿಟ್ಟೆ. ಸುತ್ತಲಿನ ಯಾವ ಹಳ್ಳಿಯವರಾದರೂ ಊರು ಕೇಳಿದರೆ ಆನವಟ್ಟಿ ಅಂತಲೇ ಬರೆಸುತ್ತಾರಲ್ಲ, ನಾನು ಯಾವ ಹಳ್ಳಿಗೆ ಅಂತ ಹೋಗಲಿ? ಪುಣ್ಯಕ್ಕೆ ಗಂಡ ಹೆಂಡತಿ ಇಬ್ಬರೂ ಇನ್ನೂ ಆನವಟ್ಟಿ ಬಸ್ ಸ್ಟ್ಯಾಂಡಿನಲ್ಲೇ ಇದ್ದರು, ತಮ್ಮ ಹಳ್ಳಿಯ ಬಸ್ಸಿಗೆ ಕಾಯುತ್ತ. ಗೊಬ್ಬರದ ಚೀಲಕ್ಕೆ ಒರಗಿ ಕೂತಿದ್ದ ರತ್ನವ್ವನ ಸೆರಗಿನ ತುದಿ ಕೆಂಪಾಗಿತ್ತು. "ಎಲೆಅಡಿಕೆ ಹಾಕಿದ್ದೀಯೇನವ್ವ?" ಅಂದೆ. "ನಾ ಎಲೆ ಹಾಕಂಗಿಲ್ಲವ್ವ. ವಸಡಿಂದ ಬರ್ತೈತಿ" ಅಂದಳು.

ಅವಳ ಗಂಡ ಒಪ್ಪಲಿಲ್ಲ. "ಡಾಕ್ಟರಮ್ಮನೇ ಏನಿಲ್ಲ ಹೋಗ್ರಿ ಅಂದಾರ. ನೀ ಯಾರು ತಂಗಿ ಹೇಳಾಕ?"

"ರಿಪೋರ್ಟ್ ತಪ್ಪಾಗೈತ್ರೀ."

"ಕಂಪ್ಯೂಟರ್ ತಪ್ಪು ಮಾಡಂಗಿಲ್ಲ ಅಂತ ನಿಮ್ಮ ಮ್ಯಾನೇಜರೇ ಹೇಳಿದ್ರಲ್ಲ?"

"ಕಂಪ್ಯೂಟರ್ ಮಾಡಿಲ್ರೀ. ನಾನು ಮಾಡಿದ್ದು. ಬೈಯೋದಿದ್ರೆ ಆಮೇಲೆ ಬೈರಿ, ಹೊಡೀರಿ ಬೇಕಾದ್ರೆ. ಈಗ ಶಿವಮೊಗ್ಗಕ್ಕೆ ನಡೀರಿ. ನಮ್ಮಕ್ಕ ಹಿಂಗೇ ಹೋದ್ಲು."

ಸುತ್ತ ಜನ ಸೇರಿತ್ತು. ಆತ ನನ್ನ ಮುಖವನ್ನೇ ನೋಡಿ, ಗೊಬ್ಬರದ ಚೀಲವನ್ನು ಅಲ್ಲೇ ಚಾದಂಗಡಿಯಲ್ಲಿಟ್ಟು ಜೀಪು ಕರೆದ. ರತ್ನವ್ವ ಹತ್ತು ದಿನ ಶಿವಮೊಗ್ಗದಲ್ಲಿದ್ದು ಬದುಕಿ ಬಂದಳು. ಆದರೆ "ನಮ್ಮಕ್ಕ ಹಿಂಗೇ ಹೋದ್ಲು" ಅಂತ ನನ್ನ ಬಾಯಿಂದ ಬಂದ ಮಾತು ಮತ್ತೆ ಒಳಗೆ ಹೋಗಲಿಲ್ಲ. ನಿನ್ನ ವರದಿಯೂ ಅದೇ ತಂತಿಯಲ್ಲಿ ಬಂದದ್ದಲ್ಲವೇ? ಆ ಸಾಲನ್ನು ನಾನು ಅಳಿಸಿದ್ದು ನೀನು ಬರುವುದಕ್ಕೆ ಮೊದಲೋ ಆಮೇಲೋ? ಆ ವಾರದ ದಿನಗಳೆಲ್ಲ ನನ್ನ ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡುಬಿಟ್ಟಿವೆ. ಎಷ್ಟು ಎಳೆದರೂ ಬಿಡಿಸಿಕೊಳ್ಳುವುದಿಲ್ಲ.

ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು, "ಯಾವತ್ತಿಂದ ಹಿಂಗೈತಿ? ಆವತ್ತಿಂದ ಎಲ್ಲಾ ರಿಪೋರ್ಟು ಪುಸ್ತಕದ ಜೊತೆ ತಾಳೆ ನೋಡ್ಬೇಕು" ಅಂದಾಗ ನಾನು "ಉಗಾದಿ ಆದ ಮೇಲೆ" ಅಂದುಬಿಟ್ಟೆ. ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ. ಉಗಾದಿಗೆ ಮುಂಚೆ ಅಂದರೆ ನಿನ್ನ ಹೆಸರಿನ ಪುಟ ತೆರೆಯಬೇಕಾಗುತ್ತಿತ್ತು. ಅದಕ್ಕೇ. ಅವರು ನಂಬಿದರು, ಹಬ್ಬದ ನಂತರದ್ದನ್ನೆಲ್ಲ ತಾಳೆ ನೋಡಿದರು. ಅಳಿಸಿದ ಸಾಲನ್ನು ನಾನು ಅವತ್ತೇ ವಾಪಸ್ ಹಾಕಿದೆ. ಆದರೆ ಹಬ್ಬಕ್ಕೆ ಹಿಂದಿನ ದಿನಗಳಲ್ಲಿ ಬಂದವರು? ಅವರಲ್ಲಿ ಇನ್ನೊಬ್ಬ ರತ್ನವ್ವ ಇದ್ದರೆ? ದಾರಿಯಲ್ಲಿ ಯಾರಾದರೂ ಕೆಮ್ಮಿದರೂ ಈಗ ನಿಂತು ತಿರುಗಿ ನೋಡುತ್ತೇನೆ.

"ಹೊಸ ಕರ್ನಲ್ ಕಟ್ಟಿದ್ರೂ ಹಳೇದನ್ನ ಅಳಿಸಬೇಡ, ಹೆಸರು ಬದಲಿಸಿ ಪಕ್ಕಕ್ಕಿಡು" ಅಂತ ನೀನು ಕೈಬೆರಳು ಅಲ್ಲಾಡಿಸಿ ಹೇಳುತ್ತಿದ್ದೆಯಲ್ಲ, ಅದೊಂದನ್ನು ನಾನು ತಪ್ಪದೆ ಮಾಡಿದ್ದೇನೆ. ಆ ಕೆಟ್ಟ ಕರ್ನಲ್ಲು, ಕಟ್ಟಿದ ದಿನ ಮತ್ತು ಗಂಟೆಯ ಸಮೇತ, ಇದೇ ಡಿಸ್ಕಿನಲ್ಲಿ ಕೂತಿದೆ. ನಿನ್ನ ವರದಿಯ ಅಚ್ಚು ನನ್ನ ತೊಡೆಯ ಮೇಲಿದೆ, ಅದರ ಮೇಲೆ ತಾರೀಕು ಇದೆ, ಹನ್ನೊಂದು ಐವತ್ತು ಅಂತ ಸಮಯವೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮುಗಿಯಿತು. ಈಗ ಮೂರೂವರೆ ಗಂಟೆ. ಅಕ್ಕಾ, ಒಂದು ವೇಳೆ ನಾನೇ ಆಗಿದ್ದರೆ ಅಮ್ಮನಿಗೆ ಏನಂತ ಹೇಳಲಿ? ಬಾವನ ಮುಖ ಹೇಗೆ ನೋಡಲಿ? ನೀನು ನನ್ನನ್ನು...

ಒತ್ತುತ್ತೇನೆ.

ಒತ್ತಿದೆ. ತಾರೀಕು ಒಂದೇ, ಅಕ್ಕಾ. ನೀನು ಬಂದ ದಿನವೇ. ಒಂದು ಕ್ಷಣ ಕಣ್ಣಿಗೆ ಏನೂ ಕಾಣಲಿಲ್ಲ. ಆಮೇಲೆ ಪಕ್ಕದಲ್ಲಿದ್ದ ಸಮಯ ಓದಿದೆ. ನಾಲ್ಕು ಗಂಟೆ ಹತ್ತು ನಿಮಿಷ. ಮಧ್ಯಾಹ್ನದ್ದು.

ನಿನ್ನನ್ನು ಬಸ್ಸು ಹತ್ತಿಸಿ ವಾಪಸ್ ಬಂದದ್ದು ಆಗ ನೆನಪಾಯಿತು. ವೀರೇಶಪ್ಪ ಬಾಗಿಲಲ್ಲೇ ನಿಂತು, "ನಿಮ್ಮಕ್ಕಗ ಮೈಯಾಗ ಆರಾಮಿಲ್ಲ, ಇನ್ನ ಈ ತಪ್ಪು ಯಾರು ರಿಪೇರಿ ಮಾಡೋರು? ತೆಗೆಸೇಬಿಡ್ತೀನಿ" ಅಂದಿದ್ದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಅದೇ ಸಿಟ್ಟಿನಲ್ಲಿ ಕೂತು ಅಳಿಸಿದ್ದು. ನಿನ್ನ ಬಸ್ಸು ಆಗ ಸೊರಬ ಮುಟ್ಟಿರಬೇಕು.

ನಿನ್ನ ಪ್ರೋಗ್ರಾಮು ಪ್ರತಿ ವರದಿಗೂ ಒಂದು ಸಾಲು ಬರೆದಿಡುತ್ತದಲ್ಲ, ಅದನ್ನೂ ಹುಡುಕಿದೆ. ನಿನ್ನ ಹೆಸರಿನ ಮುಂದೆ ಹೀಗಿದೆ: ತಪ್ಪಿದ್ದು ಎರಡು, ಮತ್ತೆ ಕೇಳಿದ್ದು ಎರಡು, ಬಂದದ್ದು ಪೂರ್ತಿ. ನೀನು ಹೊರಗೆ ಬೆಂಚಿನ ಮೇಲೆ ನಡುಗುತ್ತಾ ಕೂತಿದ್ದಾಗ ಒಳಗೆ ನೀನು ಬರೆದದ್ದು ನಿನ್ನದೇ ರಕ್ತದ ವಿಷಯವನ್ನು ಎರಡು ಸಲ ಕೇಳಿ ತರಿಸಿಕೊಂಡಿದೆ. ಸರೋಜಮ್ಮನ ಪುಸ್ತಕದಲ್ಲೂ ಅದೇ ಸಂಖ್ಯೆ ಇದೆ, ಓಡಿಹೋಗಿ ನೋಡಿಬಂದೆ. ಅವತ್ತು ನಿನ್ನ ರಕ್ತ ನಿಜವಾಗಿಯೂ ಸರಿಯಿತ್ತು. ಕೆಟ್ಟದ್ದು ಆಮೇಲೆ. ಪರದೆಗೆ ಹಣೆಯಿಟ್ಟು ಅತ್ತೆ. ನೀನು ಸತ್ತ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಇಲ್ಲಿಂದ ಮುಂದಿನದನ್ನು ಬರೆಯುತ್ತಿರುವುದು ನಾಲ್ಕು ದಿನ ಬಿಟ್ಟು. ಅವತ್ತು ಡಾಕ್ಟರಮ್ಮ ಊಟ ಮುಗಿಸಿ ಬರುತ್ತಿದ್ದಂತೆ, "ಉಗಾದಿ ಆದ ಮೇಲೆ ಅಲ್ಲ ಡಾಕ್ಟ್ರೇ, ಐದು ದಿನ ಮುಂಚೆ. ನಾನು ಸುಳ್ಳು ಹೇಳಿದೆ" ಅಂದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ, "ಪುಸ್ತಕ ತಗೊಂಡ್ ಬಾ" ಅಂದರು. ಆ ಐದು ದಿನಗಳಲ್ಲಿ ಒಂದೇ ಒಂದು ವರದಿ ತಪ್ಪಿತ್ತು, ಈಸೂರಿನ ಒಬ್ಬ ಅಜ್ಜನದು. ಸಕ್ಕರೆ ಕಾಯಿಲೆ ಇದ್ದ ಮನುಷ್ಯನಿಗೆ ಇಲ್ಲ ಅಂತ ಅಚ್ಚಾಗಿತ್ತು.

ಮಾರನೇ ಬೆಳಗ್ಗೆ ಮೊಪೆಡ್ ಹತ್ತಿ ಈಸೂರಿಗೆ ಹೋದೆ. ದಾರಿಯುದ್ದಕ್ಕೂ ಅಜ್ಜ ಇರುತ್ತಾರೋ ಇಲ್ಲವೋ ಅನ್ನುವುದೇ. ಅಜ್ಜ ಜಗಲಿಯ ಮೇಲೆ ಬೆಲ್ಲದ ಚಾ ಕುಡಿಯುತ್ತ ಕೂತಿದ್ದರು. ವಿಷಯ ಹೇಳಿದರೆ, "ಸಕ್ರಿ ಇಲ್ಲ ಅಂದಿದ್ರಿ ಅಂತ ಎರಡು ತಿಂಗಳಿಂದ ಆಸೆ ತೀರ ಕುಡ್ದೀನಿ. ಈಗ ಬಂದು ಲೋಟ ಕಿತ್ಗಂತೀಯೇನು?" ಅಂದರು. ನಗು ಬಂತು, ಆದರೆ ಅವರ ಕಾಲಿಗೆ ಸುತ್ತಿದ್ದ ಬಟ್ಟೆ ನೋಡಿದ ಮೇಲೆ ನಿಂತುಹೋಯಿತು. ಹೆಬ್ಬೆರಳಿನ ಗಾಯ ಮಾಗದೆ ಕಪ್ಪಾಗುತ್ತ ಬಂದಿತ್ತು. ಲೋಟ ಕಿತ್ತುಕೊಂಡು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡೇ ಬಂದೆ. ಬೆರಳು ಉಳಿಯಬಹುದು ಅಂತ ಡಾಕ್ಟರಮ್ಮ ಹೇಳುತ್ತಾರೆ. ಉಳಿಯುತ್ತದೆ ಅಂತ ಅನ್ನಲಿಲ್ಲ. ನಾನು ಒಂದು ತಿಂಗಳ ಹಿಂದೆಯೇ ಆ ಗುಂಡಿ ಒತ್ತಿದ್ದಿದ್ದರೆ ಆ ಬೆರಳಿನ ಚಿಂತೆಯೇ ಇರುತ್ತಿರಲಿಲ್ಲ. ನಿನ್ನ ಹೆಸರಿಗೆ ಹೆದರಿ ಅಜ್ಜನ ಕಾಲು ಕೊಳೆಯಲು ಬಿಟ್ಟೆ.

ನಿನಗೆ ಗೊತ್ತಿಲ್ಲದ ಸುದ್ದಿ ಇನ್ನೂ ಒಂದಿದೆ. ನಿನ್ನ ಪ್ರೋಗ್ರಾಮಿನ ಮೂಲ ಹೋಯಿತು ಅಂದೆನಲ್ಲ, ಅದನ್ನು ಹೊಸದಾಗಿ ನಾನೇ ಬರೆದೆ. ಪ್ರತಿ ತುಣುಕಿಗೂ ಈಗ ಕ್ರಮಸಂಖ್ಯೆ ಇದೆ, ಮುಂದೆ ಮಾಡೋಣ ಅಂತ ನೀನೇ ಅಂದಿದ್ದೆಯಲ್ಲ. ಹಿಂದಿನವರ ಸಾಲು ಇನ್ನು ಉಳಿಯುವುದಿಲ್ಲ, ಬಾರದಿದ್ದರೆ ಆ ಜಾಗ ಖಾಲಿಯೇ ಇರುತ್ತದೆ. ತಪ್ಪಿದ್ದನ್ನು ಮಾತ್ರ ಪರದೆಯ ಮೇಲೆ ಮೊದಲಿಗಿಂತ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ವೀರೇಶಪ್ಪ ಬಂದು ಬೆರಳಿಟ್ಟರು. ನಾನು ಎದ್ದು ನಿಂತು, "ಅದು ಹಂಗೇ ಇರ್ತದೆ ರೀ" ಅಂದೆ.

ಇವತ್ತು ತಪ್ಪಿದ್ದು ಹನ್ನೊಂದು, ಅಕ್ಕಾ. ಹನ್ನೊಂದನ್ನೂ ಮತ್ತೆ ಕೇಳಿ ತರಿಸಿಕೊಂಡೆವು.

ನಿನ್ನ
ಮಂಜಿ